ಅರಗುವುದು ಬೇರೆ, ಮೈಗೆ ಹತ್ತುವುದು ಬೇರೆ

"ಎಷ್ಟು ತಿಂದ್ರೂ ಮೈಗೆ ಹತ್ತಲ್ಲ ಮಾರಾಯ್ರೆ" ಅನ್ನುವ ಮಾತು ತೀರ್ಥಹಳ್ಳಿಯಿಂದ ಸಾಗರದವರೆಗೆ ಯಾವ ಜಗುಲಿಯಲ್ಲಿ ಕೂತರೂ ಕಿವಿಗೆ ಬೀಳುತ್ತದೆ. ಅದು ಅಪ್ಪಟ ಶರೀರಶಾಸ್ತ್ರದ ಮಾತು. ಅನ್ನ ಅರಗುವುದು ಒಂದು ಕೆಲಸ. ಅರಗಿದ್ದು ಕರುಳಿನ ಗೋಡೆ ದಾಟಿ ರಕ್ತ ಸೇರುವುದು ಇನ್ನೊಂದು. ಗೋಡೆ ದಾಟುವ ತನಕ ತಿಂದದ್ದು ಲೆಕ್ಕದಲ್ಲಿ ಮೈಯ ಹೊರಗೇ ಇದೆ, ಏಕೆಂದರೆ ಬಾಯಿಂದ ಗುದದವರೆಗೆ ಇರುವುದು ಎರಡೂ ತುದಿ ತೆರೆದ ಒಂದು ಕೊಳವೆ. ಗ್ಯಾಸು, ಹುಳಿತೇಗು, ಹೊಟ್ಟೆ ಉಬ್ಬರ ಎಂದು ನಾವು ಮಾತಾಡುವುದು ಬಹುಪಾಲು ಮೊದಲನೆಯ ಕೆಲಸದ ಬಗ್ಗೆ. ಸದ್ದಿಲ್ಲದೆ ಕೆಡುವುದು ಎರಡನೆಯದು.

ಆಷಾಢದ ಒಂದು ಮಧ್ಯಾಹ್ನದ ಊಟ ಇಟ್ಟುಕೊಳ್ಳೋಣ. ಕೆಂಪಕ್ಕಿ ಅನ್ನ, ಹರಿವೆ ಸೊಪ್ಪಿನ ಹುಳಿ, ಕೆಮ್ಮಣ್ಣು ಬಳಿದು ಕಾಪಿಟ್ಟ ಹಲಸಿನ ಬೇಳೆಯ ಪಲ್ಯ, ಒಂದು ಚಮಚ ತುಪ್ಪ, ಕಡೆಗೆ ಮಜ್ಜಿಗೆ. ಕೈ ತೊಳೆದು ಬರುವಷ್ಟರಲ್ಲಿ ಕಾಫಿ.

ಬಾಯಿಯ ಪಾಲು ಸಣ್ಣದು: ಅಗಿಯುವುದು, ಒದ್ದೆ ಮಾಡುವುದು, ಜೊಲ್ಲಿನ ಅಮೈಲೇಸ್ ಕಿಣ್ವದಿಂದ ಪಿಷ್ಟವನ್ನು ತುಂಡರಿಸಲು ತೊಡಗುವುದು. ಅನ್ನವನ್ನು ತುಸು ಹೊತ್ತು ಅಗಿದರೆ ಸಿಹಿಯಾಗುವುದು ಇದರಿಂದಲೇ. ಜಠರದ ಆಮ್ಲ ಪಿಎಚ್ 2ರ ಆಸುಪಾಸಿನದು. ಅದು ರೋಗಾಣುಗಳನ್ನು ಕೊಲ್ಲುತ್ತದೆ, ಪೆಪ್ಸಿನ್ ಕಿಣ್ವವನ್ನು ಎಬ್ಬಿಸಿ ಪ್ರೋಟೀನನ್ನು ಕಡಿಯಲು ಹಚ್ಚುತ್ತದೆ. ಆದರೆ ಜಠರದಲ್ಲಿ ಮೈಗೆ ಹತ್ತುವುದು ಹೆಚ್ಚೇನಿಲ್ಲ. ಅದು ಒರಳೂ ಹೌದು, ಕಾವಲುಗಾರನೂ ಹೌದು. ಒಂದೆರಡು ಮಿಲಿಮೀಟರಿಗಿಂತ ದಪ್ಪದ ಚೂರನ್ನು ಸುಲಭಕ್ಕೆ ಮುಂದೆ ಬಿಡುವುದಿಲ್ಲ, ಮತ್ತೆ ರುಬ್ಬುತ್ತದೆ. ಈ ಊಟ ಪೂರ್ತಿ ಕೆಳಗಿಳಿಯಲು ಮೂರು ನಾಲ್ಕು ಗಂಟೆ ಬೇಕು. ತುಪ್ಪ, ಎಣ್ಣೆ ಜಾಸ್ತಿಯಾದರೆ ಇನ್ನೂ ತಡ.

ಜಠರ ದಾಟಿದ ಮೇಲಿನ ಸುಮಾರು 25 ಸೆಂಟಿಮೀಟರ್, ಅಂದರೆ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಮ್, ಇಡೀ ದಾರಿಯ ಅತಿ ಗಡಿಬಿಡಿಯ ಜಾಗ. ಮೇದೋಜೀರಕ ಗ್ರಂಥಿಯಿಂದ ಬಂದ ಬೈಕಾರ್ಬನೇಟ್ ಆಮ್ಲವನ್ನು ತಣಿಸುತ್ತದೆ. ಅದೇ ಗ್ರಂಥಿಯ ಕಿಣ್ವಗಳು ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಒಡೆಯುತ್ತವೆ. ಪಿತ್ತರಸವು ಜಿಡ್ಡಿನ ಪಾತ್ರೆಗೆ ಹಾಕಿದ ಸೀಗೆಪುಡಿಯಂತೆ ತುಪ್ಪವನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಪಿತ್ತನಾಳ ಕಟ್ಟಿಕೊಂಡವರ ಮಲ ಬೂದಿಬಣ್ಣಕ್ಕೆ ತಿರುಗಿ, ಜಿಡ್ಡಾಗಿ ತೇಲಲು ಕಾರಣ, ಈ ಸೀಗೆಪುಡಿ ಕರುಳಿಗೆ ತಲುಪದೇ ಇರುವುದು.

ಇನ್ನು ಗೋಡೆ. ಸಣ್ಣ ಕರುಳಿನ ಒಳಮೈ ಮಖಮಲ್ ಬಟ್ಟೆಯ ಹಾಗೆ. ಮಿಲಿಮೀಟರಿಗೂ ಗಿಡ್ಡನೆಯ ಎಳೆಗಳು ಒತ್ತೊತ್ತಾಗಿ ನಿಂತಿವೆ, ಒಂದೊಂದು ಎಳೆಯ ಮೇಲಿನ ಜೀವಕೋಶಗಳಿಗೂ ಇನ್ನಷ್ಟು ಸೂಕ್ಷ್ಮ ರೋಮಗಳಿವೆ. ಎಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟು ಎಂದು ಹಳೆಯ ಪಠ್ಯಪುಸ್ತಕಗಳು ಬರೆದವು. 2014ರಲ್ಲಿ ಪ್ರಕಟವಾದ ಅಳತೆ ಅದನ್ನು ಸುಮಾರು 30 ಚದರ ಮೀಟರಿಗೆ ಇಳಿಸಿತು. ಅಡಿಕೆ ಹರವುವ ಸಣ್ಣದೊಂದು ಅಂಗಳ ಅನ್ನಿ. ಅದೂ ಕಡಿಮೆಯೇನಲ್ಲ. ಅಂಗಳದ ಈ ಹೊದಿಕೆ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಪಿಷ್ಟದ ಕೊನೆಯ ಕಡಿತ ನಡೆಯುವುದೂ ಈ ರೋಮಗಳ ಮೇಲೆಯೇ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದೂ ಇಲ್ಲೇ. ಭೇದಿಯಾಗಿ ಈ ಹೊದಿಕೆ ಸವೆದಾಗ ಕೆಲವು ದಿನ ಹಾಲು ಒಗ್ಗದೆ, ಮಜ್ಜಿಗೆ ಒಗ್ಗುತ್ತದೆ. ಮಜ್ಜಿಗೆಯಲ್ಲಿ ಆ ಸಕ್ಕರೆಯ ಒಂದಷ್ಟನ್ನು ಹೆಪ್ಪಿನ ಬ್ಯಾಕ್ಟೀರಿಯಾ ಮೊದಲೇ ತಿಂದು ಮುಗಿಸಿರುತ್ತವೆ.

ಗ್ಲೂಕೋಸ್ ಗೋಡೆ ದಾಟುವ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು, ಮಳೆಗಾಲದಲ್ಲಿ ಜೀವ ಉಳಿಸುವ ಸಂಗತಿ ಅದು. ಅಲ್ಲಿನ ಬಾಗಿಲು ಗ್ಲೂಕೋಸಿನ ಒಂದು ಅಣುವನ್ನು ಒಳಗೆ ಬಿಡುವುದು ಜೊತೆಗೆ ಉಪ್ಪಿನಲ್ಲಿರುವ ಸೋಡಿಯಮಿನ ಎರಡು ಅಯಾನು ಬಂದರೆ ಮಾತ್ರ. ಸಕ್ಕರೆ, ಉಪ್ಪು ಒಳಗೆ ಹೋದ ಕಡೆ ನೀರು ತಾನಾಗಿ ಹಿಂದೆ ಹೋಗುತ್ತದೆ. ವಾಂತಿಭೇದಿಯಲ್ಲೂ ಈ ಬಾಗಿಲು ಕೆಲಸ ಬಿಡುವುದಿಲ್ಲ. ಭೇದಿಯಾದವರಿಗೆ ಕುಡಿಸುವ ಉಪ್ಪು-ಸಕ್ಕರೆಯ ನೀರು, ಅಂದರೆ ಓಆರ್‌ಎಸ್ ನಿಂತಿರುವುದು ಇದರ ಮೇಲೆ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿತಿಳಿಯೂ ಅದೇ ಕೆಲಸ ಮಾಡುತ್ತದೆ, ಅಕ್ಕಿಯ ಪಿಷ್ಟ ಕರುಳಲ್ಲಿ ಗ್ಲೂಕೋಸ್ ಆಗುವುದರಿಂದ. ಬಾಯಿಗೆ ಹಾಕಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ತಪ್ಪುಗಳು ಎರಡು ಬಗೆ: ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಕದಡುವುದು, ಇಲ್ಲವೇ ಅತಿ ಸಿಹಿ ಶರಬತ್ತು ಕುಡಿಸುವುದು. ಹೆಚ್ಚಾದ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಆರು ಗಂಟೆ ಮೂತ್ರ ಮಾಡದಿದ್ದರೆ ಗಂಜಿ ನೆಚ್ಚಿಕೊಂಡು ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ತುಪ್ಪದ ದಾರಿ ಬೇರೆ. ಅದು ನೇರ ರಕ್ತಕ್ಕೆ ಹೋಗದೆ ದುಗ್ಧನಾಳ ಹಿಡಿದು, ಎದೆಯೊಳಗೆ ಮೇಲೇರಿ, ಕುತ್ತಿಗೆಯ ಎಡಬುಡದ ಅಭಿಧಮನಿಗೆ ಸೇರುತ್ತದೆ. ಹರಿವೆಯಲ್ಲಿರುವ, ಮೈಯಲ್ಲಿ ಎ ವಿಟಮಿನ್ ಆಗುವ ಕೆರೋಟಿನ್ ಈ ಜಿಡ್ಡಿನ ಸವಾರಿ ಸಿಕ್ಕಿದರಷ್ಟೇ ಒಳಬರುತ್ತದೆ. ಹಾಗಾಗಿ ಸೊಪ್ಪಿಗೆ ಒಗ್ಗರಣೆ ಬರಿಯ ಘಮಕ್ಕಲ್ಲ, ಒಂದು ಚಮಚ ಎಣ್ಣೆ ಬೇಕೇ ಬೇಕು.

ಕಬ್ಬಿಣಾಂಶದ್ದು ದೊಡ್ಡ ತಕರಾರು. ಸೊಪ್ಪಿನ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲಿಗೂ ಕಡಿಮೆ. ಹುಳಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿದರೆ, ಊಟದ ಜೊತೆ ಹಸಿ ನೆಲ್ಲಿಕಾಯಿ ಕಚ್ಚಿದರೆ ಆ ಪಾಲು ಏರುತ್ತದೆ. ಕುದಿಸಿದರೆ ಸಿ ವಿಟಮಿನ್ ನಷ್ಟವಾಗುತ್ತದೆ, ಅದಕ್ಕೇ ಇಳಿಸಿದ ಮೇಲೆ. ಕಾಫಿಯ ಪಾಲಿಫಿನಾಲ್‌ಗಳು ಅದೇ ಕಬ್ಬಿಣವನ್ನು ಗಂಟು ಹಾಕಿಬಿಡುತ್ತವೆ. 1983ರ ಒಂದು ಅಧ್ಯಯನದಲ್ಲಿ ಊಟದೊಂದಿಗಿನ ಒಂದು ಕಪ್ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ. 39ರಷ್ಟು ತಗ್ಗಿಸಿತು, ಟೀ ಶೇ. 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ನಷ್ಟವಾಗಲಿಲ್ಲ. ಒಂದು ಗಂಟೆ ಬಿಟ್ಟು ಕುಡಿದರೂ ನಷ್ಟ ಅಷ್ಟೇ ಆಯಿತು, ತಿಂದದ್ದು ಇನ್ನೂ ಜಠರದಲ್ಲೇ ಇತ್ತಲ್ಲ! ಮಲೆನಾಡಿನವರಿಗೆ ಕಾಫಿ ಬಿಡಿ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ರಕ್ತ ಕಡಿಮೆ ಎಂದು ಬರೆಸಿಕೊಂಡು ಬಂದವರಾದರೂ ಅದನ್ನು ಊಟಕ್ಕೆ ಮುಂಚೆ ಕುಡಿಯಲಿ, ಕಬ್ಬಿಣದ ಮಾತ್ರೆಯನ್ನಂತೂ ಕಾಫಿಯ ಜೊತೆ ನುಂಗದಿರಲಿ.

ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ ಕಾಲು ನೋಡಿ. ತೋಟದ ನೆರಳು, ಒದ್ದೆ ಮಣ್ಣು, ಬಯಲು ಶೌಚ, ಬರಿಗಾಲು ನಾಲ್ಕೂ ಸೇರಿದಲ್ಲಿ ಕೊಕ್ಕೆಹುಳುವಿನ ಮರಿ ಕಾಲ್ಬೆರಳ ಸಂದಿಯಿಂದ ಒಳನುಗ್ಗುತ್ತದೆ. ಹೊಕ್ಕ ಕಡೆ ತುರಿಕೆ ಏಳುತ್ತದೆ. ರಕ್ತದಲ್ಲಿ ಶ್ವಾಸಕೋಶ ತಲುಪಿ, ಗಂಟಲಿಗೆ ಹತ್ತಿ, ನುಂಗಿದಾಗ ಸಣ್ಣ ಕರುಳು ಸೇರಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಒಂದು ಹುಳು ಜಾತಿ ನೋಡಿಕೊಂಡು ದಿನಕ್ಕೆ 0.03ರಿಂದ 0.2 ಮಿಲಿಲೀಟರ್ ರಕ್ತ ಹೀರುತ್ತದೆ. ಕಡಿಮೆ ಹೀರುವ ಜಾತಿಯವೇ ನೂರಿದ್ದರೂ ದಿನಕ್ಕೆ 3 ಮಿಲಿಲೀಟರ್, ಅಂದರೆ ಸುಮಾರು ಒಂದೂವರೆ ಮಿಲಿಗ್ರಾಂ ಕಬ್ಬಿಣ. ಮೈಗೆ ದಿನಕ್ಕೆ ಹತ್ತುವುದೇ 1ರಿಂದ 2 ಮಿಲಿಗ್ರಾಂ. ಔಷಧ 400 ಮಿಲಿಗ್ರಾಂ ಆಲ್ಬೆಂಡಜೋಲ್, ಒಂದೇ ಸಲ. ಬಸುರಿಯರು ವೈದ್ಯರನ್ನು ಕೇಳದೆ ತಗೊಳ್ಳಬಾರದು. ತೋಟಕ್ಕಿಳಿಯುವಾಗ ಬೂಟು ಹಾಕದಿದ್ದರೆ ಹುಳು ಮತ್ತೆ ಹತ್ತುತ್ತದೆ.

ದಿನಕ್ಕೆ ಕರುಳಿಗೆ ಬರುವ ದ್ರವ ಸುಮಾರು 9 ಲೀಟರ್. ನಾವು ಕುಡಿದದ್ದು ಅದರಲ್ಲಿ ಎರಡು, ಉಳಿದದ್ದು ಜೊಲ್ಲು, ಆಮ್ಲ, ಪಿತ್ತ ಮುಂತಾದ ನಮ್ಮದೇ ರಸಗಳು. ದೊಡ್ಡ ಕರುಳಿಗೆ ತಲುಪುವಾಗ ಒಂದೂವರೆ ಲೀಟರ್ ಉಳಿದಿರುತ್ತದೆ, ಮಲದಲ್ಲಿ ಹೊರಹೋಗುವುದು ಅರ್ಧ ಲೋಟ. ಹಲಸಿನ ಬೇಳೆಯ ಪಿಷ್ಟದಲ್ಲಿ ಒಂದಷ್ಟು ಅರಗದೆ ಇಲ್ಲಿಯವರೆಗೆ ಬರುತ್ತದೆ. ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ, ದೊಡ್ಡ ಕರುಳಿನ ಗೋಡೆಯ ಮುಖ್ಯ ಆಹಾರವೇ ಅದು. ಜೊತೆಗೆ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ಇವಕ್ಕೆ ವಾಸನೆ ಇಲ್ಲ, ಮಾನ ಕಳೆಯುವುದು ಚೂರೇ ಚೂರು ಇರುವ ಗಂಧಕದ ಅನಿಲ. ಬೇಳೆ ಅರೆಬೆಂದಿದ್ದರೆ ಇನ್ನೊಂದು ತೊಡಕು: ಪ್ರೋಟೀನ್ ಒಡೆಯುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತು ಅದರಲ್ಲಿ ಉಳಿದುಬಿಡುತ್ತದೆ. ಜಜ್ಜಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಬೇಯಿಸಿ. ಉಬ್ಬರದ ಹೊಟ್ಟೆಯವರಿಗೆ ಒಂದು ಹೊತ್ತಿಗೆ ನಾಲ್ಕೈದು ಬೇಳೆ ಸಾಕು.