ಕೆನೋರಾದಲ್ಲಿ ನಾಲ್ಕು ದಿನ: ಮೂವರು, ಒಂದು ದೋಣಿ, 15 ಹಾರ್ಸ್‌ಪವರ್

ಡಾಕ್ ಬಿಟ್ಟು ಹತ್ತು ನಿಮಿಷ ಆಗಿತ್ತು. ಥ್ರಾಟಲ್ ಪೂರ್ತಿ ತಿರುಗಿಸಿದ್ದೆ. ಇಂಜಿನ್ ಅರಚುತ್ತಿತ್ತು, ದೋಣಿಯ ಮೂತಿ ಆಕಾಶ ನೋಡುತ್ತಿತ್ತು, ಫೋನಿನ ಜಿಪಿಎಸ್ ಮಾತ್ರ ಗಂಟೆಗೆ 11 ಕಿ.ಮೀ. ಅನ್ನುತ್ತಿತ್ತು. ನಾವು ಹೋಗಬೇಕಿದ್ದ ಜಾಗ 14 ಕಿ.ಮೀ. ದೂರ. ಬಾಡಿಗೆಗೆ ಕೊಟ್ಟವರು ಹಳೇ ಇಂಜಿನ್ ಹಾಕಿ ಟೋಪಿ ಹಾಕಿದರು ಅಂತ ನಾನು ಗೊಣಗಿದೆ.

ನಡುವಿನ ಹಲಗೆಯಲ್ಲಿದ್ದ ಭಾವ ಒಮ್ಮೆ ಹಿಂದೆ ನೋಡಿದರು. "ಇಂಜಿನ್ನಿಗೆ ಎಂತ ಆಗ್ಲಿಲ್ಲ ಮಾರಾಯ. ನಾವು ಕೂತದ್ದೇ ಸರಿ ಇಲ್ಲ."

ಭಾವ ಅಂದರೆ ಅಕ್ಕನ ಗಂಡ. ಗಂಗೊಳ್ಳಿಯವರು. ಮೂವತ್ತು ವರ್ಷ ನಾಡದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ ಔಟ್‌ಬೋರ್ಡ್ ಇಂಜಿನ್ ಕಟ್ಟಿಕೊಂಡು ಕಡಲಿಗೆ ಹೋದವರು. ಎರಡು ತಿಂಗಳಿಗೆ ಅಂತ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಮಾಲ್ ತೋರಿಸಿದೆ, ಮ್ಯೂಸಿಯಂ ತೋರಿಸಿದೆ, ಮುಖದಲ್ಲಿ ಕಳೆಯೇ ಇಲ್ಲ. "ಮೀನು ಹಿಡಿಯುವ ಜಾಗ ಇಲ್ವಾ ನಿಮ್ಮೂರಲ್ಲಿ?" ಅಂದರು. ಜೂನ್ ಮೂರನೇ ವಾರ ಅವರನ್ನೂ ಪಕ್ಕದ ಮನೆಯ ಗೆಳೆಯನನ್ನೂ ಕೂರಿಸಿಕೊಂಡು ಲೇಕ್ ಆಫ್ ದಿ ವುಡ್ಸ್ ಸರೋವರದ ಕಡೆ ಹೊರಟೆ. ವಿನ್ನಿಪೆಗ್‌ನಿಂದ ಆ ಸರೋವರದ ದಂಡೆಯ ಊರು, ಪಕ್ಕದ ಒಂಟಾರಿಯೋ ಪ್ರಾಂತ್ಯದ ಕೆನೋರಾಗೆ ಸುಮಾರು 210 ಕಿ.ಮೀ., ಎರಡೂವರೆ ಗಂಟೆಯ ದಾರಿ. ಕೀವಾಟಿನ್, ನಾರ್ಮನ್, ರ‍್ಯಾಟ್ ಪೋರ್ಟೇಜ್ ಎಂಬ ಮೂರು ಊರುಗಳ ಮೊದಲಕ್ಷರ ಸೇರಿಸಿ 1905ರಲ್ಲಿ ಈ ಹೆಸರು ಮಾಡಿದರಂತೆ. 'ಇಲಿ' ಅಂತ ಬರುವ ಹೆಸರು ಬೇಡ ಅನ್ನಿಸಿದ್ದರೆ ಆಶ್ಚರ್ಯ ಇಲ್ಲ.

ಸರೋವರ ಅಂದರೆ ನಮ್ಮ ಕೆರೆಯ ಲೆಕ್ಕ ಹಾಕಬೇಡಿ. ಸುಮಾರು 4,350 ಚದರ ಕಿ.ಮೀ. ನೀರು, ಅದರೊಳಗೆ 14,500ಕ್ಕೂ ಹೆಚ್ಚು ದ್ವೀಪ. ಒಂಟಾರಿಯೋ, ಮ್ಯಾನಿಟೋಬಾ, ಅಮೆರಿಕದ ಮಿನೆಸೋಟ ಮೂರಕ್ಕೂ ಪಾಲಿದೆ.

ಮತ್ತೆ ದೋಣಿಗೆ ಬರುತ್ತೇನೆ. 16 ಅಡಿಯ ಅಲ್ಯೂಮಿನಿಯಂ ದೋಣಿ, ಹಿಂದೆ ಕೈಯಲ್ಲೇ ತಿರುಗಿಸುವ 15 ಹಾರ್ಸ್‌ಪವರ್ ಫೋರ್ ಸ್ಟ್ರೋಕ್ ಇಂಜಿನ್. ಮೂರು ಜನ ಸೇರಿ 240 ಕಿಲೋ. 25 ಲೀಟರ್ ಪೆಟ್ರೋಲ್ ಟ್ಯಾಂಕ್, ಕೂಲರ್, ಲಂಗರು, ಅಡುಗೆಯ ಪೆಟ್ಟಿಗೆ ಬೇರೆ. ಇವೆಲ್ಲ ಹಿಂದಿನ ಅರ್ಧದಲ್ಲೇ ಗುಡ್ಡೆ ಬಿದ್ದಿದ್ದವು. ಇಂಥ ದೋಣಿ ನಿಧಾನಕ್ಕೆ ಹೋಗುವಾಗ ನೀರು ಸೀಳಿಕೊಂಡು ಹೋಗುತ್ತದೆ, ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಒದ್ದಾಡುತ್ತದೆ. ಆ ದಿಬ್ಬ ದಾಟಿದರೆ ನೀರಿನ ಮೇಲೆ ಜಾರತೊಡಗುತ್ತದೆ. ಇದಕ್ಕೆ ಪ್ಲೇನ್ ಆಗುವುದು ಅಂತಾರೆ. ಹಿಂದೆ ಭಾರ ಜಾಸ್ತಿ ಇದ್ದರೆ ಸಣ್ಣ ಇಂಜಿನ್ ಆ ದಿಬ್ಬದಲ್ಲೇ ಸಿಕ್ಕಿಕೊಳ್ಳುತ್ತದೆ. ಪೆಟ್ರೋಲ್ ಪೂರ್ತಿ ಕುಡಿಯುತ್ತದೆ, ದೋಣಿ ಮಾತ್ರ ತೆವಳುತ್ತದೆ.

ಇಂಜಿನ್ ಆಫ್ ಮಾಡಿಸಿ ಭಾವ ಕೂಲರ್, ಲಂಗರು ಎರಡನ್ನೂ ಮುಂದಕ್ಕೆ ತಳ್ಳಿದರು. ಗೆಳೆಯನನ್ನು ಮೂತಿಯ ಹಲಗೆಗೆ ಕಳಿಸಿದರು. ಆಮೇಲೆ ಇಂಜಿನ್ ಎತ್ತಿ ನೋಡಿದರು. ದೋಣಿಗೆ ಕಚ್ಚಿಕೊಂಡಿರುವ ಬ್ರಾಕೆಟ್‌ನಲ್ಲಿ ಸಾಲಾಗಿ ತೂತುಗಳಿರುತ್ತವೆ, ಅಡ್ಡಕ್ಕೆ ಒಂದು ಕಡ್ಡಿ. ಆ ಕಡ್ಡಿಯನ್ನು ಒಂದು ತೂತು ಒಳಗೆ, ಅಂದರೆ ದೋಣಿಯ ಕಡೆಗೆ ಸರಿಸಿದರು. ಹಾಗೆ ಮಾಡಿದರೆ ಮೂತಿ ತಗ್ಗುತ್ತದೆ. ಮತ್ತೆ ಹೊರಟಾಗ ದೋಣಿ ಒಮ್ಮೆ ಮುಗ್ಗರಿಸಿ, ಮೂತಿ ಇಳಿಸಿ, ಹಗುರಾಗಿ ಓಡಿತು. ಜಿಪಿಎಸ್‌ನಲ್ಲಿ 26. ಗೊಣಗಿದ್ದಕ್ಕೆ ನಾಚಿಕೆ ಆಯಿತು. ಪ್ಲೇನ್ ಆದ ಮೇಲೆ ಥ್ರಾಟಲ್ ಮುಕ್ಕಾಲಿಗೆ ಇಳಿಸಬಹುದು, ಪೆಟ್ರೋಲ್ ಉಳಿಯುತ್ತದೆ.

ಅದಕ್ಕೇ ಹೇಳುವುದು, ಬುಕ್ ಮಾಡುವಾಗ ದೋಣಿ ಎಷ್ಟು ಅಡಿ ಅಂತ ಮಾತ್ರ ಕೇಳಬೇಡಿ. ಇಂಜಿನ್ ಎಷ್ಟು ಪವರ್, ನಾವು ಎಷ್ಟು ಜನ, ಎಷ್ಟು ದೂರ ಹೋಗಬೇಕು ಅಂತ ಒಟ್ಟಿಗೆ ಹೇಳಿ. ಇಬ್ಬರು, ಹತ್ತಿರದ ಜಾಗ ಆದರೆ 9.9 ಹಾರ್ಸ್‌ಪವರ್ ಸಾಕು. ಇಬ್ಬರು, ಸ್ವಲ್ಪ ದೂರ ಅಂದರೆ 15. ಮೂವರಿಗೆ 20 ಅಥವಾ 25 ಕೇಳಿ. ದುಡ್ಡಿನ ವ್ಯತ್ಯಾಸ ಅಷ್ಟೇನೂ ಇರುವುದಿಲ್ಲ, ಹಾಳಾಗುವ ಸಮಯ ಜಾಸ್ತಿ.

ಸ್ವಂತ ಇಂಜಿನ್ ಇರುವವರು ಪ್ರೊಪೆಲರ್ ಕಡೆಯೂ ನೋಡಬೇಕು. ಭಾವನ ಬಾಯಲ್ಲಿ ಅದು 'ಫ್ಯಾನ್'. ಅದರ ಮೇಲೆ ಎರಡು ಅಂಕಿ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವುದು. ಪಿಚ್ ಜಾಸ್ತಿ ಇದ್ದು ಭಾರವೂ ಜಾಸ್ತಿ ಆದರೆ ಘಾಟಿಯಲ್ಲಿ ಮೂರನೇ ಗೇರಲ್ಲಿ ಸ್ಕೂಟರ್ ಹತ್ತಿಸಿದ ಹಾಗೆ. ಈ ಅಳತೆಯ ಬಹಳಷ್ಟು ಇಂಜಿನ್‌ಗಳು ಪೂರ್ತಿ ಥ್ರಾಟಲ್‌ನಲ್ಲಿ 5,000ದಿಂದ 6,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ತಲುಪಬೇಕು. ನಿಮ್ಮದು ತುಂಬಿದ ದೋಣಿಯಲ್ಲಿ 4,600ಕ್ಕೇ ನಿಂತರೆ ಪಿಚ್ ಕಮ್ಮಿ ಇರುವ ಪ್ರೊಪೆಲರ್ ಹಾಕಿ ನೋಡಿ. ಒಂದು ಇಂಚು ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ.

ಎರಡನೇ ದಿನ ಇನ್ನೊಂದು ಪಾಠ. ಹೊರಟು ಕಾಲು ಗಂಟೆಗೆ ಇಂಜಿನ್ ಕೆಮ್ಮಿ ನಿಂತುಹೋಯಿತು. ಹಗ್ಗ ಎಳೆದೆಳೆದು ನನ್ನ ಭುಜ ಬಿದ್ದುಹೋಯಿತು. ಭಾವ ಹಗ್ಗ ಮುಟ್ಟಲೇ ಇಲ್ಲ. ಟ್ಯಾಂಕ್‌ನಿಂದ ಬರುವ ಪೈಪಿನ ನಡುವೆ ಒತ್ತುವ ರಬ್ಬರ್ ಬಲ್ಬ್ ಇರುತ್ತದಲ್ಲ, ಅದನ್ನು ಎತ್ತಿ ತೋರಿಸಿದರು. ಚಪ್ಪಟೆಯಾಗಿ ಒಣಗಿದ ಖರ್ಜೂರದ ಹಾಗೆ ಆಗಿತ್ತು. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಸಣ್ಣ ತಿರುಪು ಇದೆ. ರಾತ್ರಿ ಬಿಗಿ ಮಾಡಿದ್ದೆ, ಬೆಳಗ್ಗೆ ಸಡಿಲಿಸಲು ಮರೆತಿದ್ದೆ. ಬಿಚ್ಚಿದ ತಕ್ಷಣ ಟ್ಯಾಂಕ್ 'ಉಸ್' ಅಂತ ಉಸಿರೆಳೆದುಕೊಂಡಿತು. ಬಲ್ಬ್ ಚಪ್ಪಟೆ ಆದರೆ ಗಾಳಿ ತಿರುಪು ನೋಡಿ. ಎಷ್ಟು ಒತ್ತಿದರೂ ಗಟ್ಟಿ ಆಗದಿದ್ದರೆ ಪೈಪಿನ ಜೋಡಣೆಯಲ್ಲೆಲ್ಲೋ ಗಾಳಿ ಸೋರುತ್ತಿದೆ. ಇಂಜಿನ್ ಹಿಂಬದಿಯಿಂದ ಸಣ್ಣ ಧಾರೆಯಲ್ಲಿ ನೀರು ಹಾರುತ್ತಿರಬೇಕು. ಅದು ನಿಂತರೆ ತಂಪು ಮಾಡುವ ನೀರು ಒಳಗೆ ಹೋಗುತ್ತಿಲ್ಲ ಅಂತ, ಕೂಡಲೇ ಆಫ್ ಮಾಡಿ. ಹೆಚ್ಚಿನ ಸಲ ಕೆಳಗಿನ ಜಾಲರಿಗೆ ಜೊಂಡು ಕಟ್ಟಿಕೊಂಡಿರುತ್ತದೆ.

ಪೆಟ್ರೋಲ್ ಲೆಕ್ಕ ಸುಲಭ. 15ರ ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಐದಾರು ಲೀಟರ್ ಕುಡಿಯುತ್ತದೆ. ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಗಾಳಿಗೆ. ಬೆಳಗ್ಗೆ ಕನ್ನಡಿಯ ಹಾಗಿದ್ದ ನೀರು ಮಧ್ಯಾಹ್ನ ಎರಡಕ್ಕೆ ಬೇರೆಯೇ ಆಗಿತ್ತು. ಬಯಲು ನೀರು ದಾಟುವ ಬದಲು ದ್ವೀಪಗಳ ಮರೆಯಲ್ಲಿ ಸುತ್ತಿ ಬಂದೆವು, ಎರಡು ಪಟ್ಟು ಹೊತ್ತು ಹಿಡಿಯಿತು. ಕಡಲಲ್ಲಿ ಬೆಳೆದ ಮನುಷ್ಯನೇ "ಇದು ಗಿಡ್ಡ ಅಲೆ, ಉಸಿರು ತಗೊಳ್ಳಲಿಕ್ಕೆ ಬಿಡುವುದಿಲ್ಲ" ಅಂದರು. ನನಗೆ ಅಷ್ಟು ಸಾಕಿತ್ತು.

ಗಾಳಿಗಿಂತ ನನಗೆ ಭಯ ಬಂಡೆಯದು. ನೀರಿನಿಂದ ಒಂದಡಿ ಕೆಳಗೆ ಗ್ರಾನೈಟ್ ಕಾದು ಕೂತಿರುತ್ತದೆ, ಎಲ್ಲ ಕಡೆ ಗುರುತು ಇರುವುದಿಲ್ಲ. ಆಳ ತೋರಿಸುವ ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಒಳಗೆ ಸಿಗ್ನಲ್ ನಂಬಬೇಡಿ. ಲಾಡ್ಜ್‌ನವರ ಹತ್ತಿರ ಕಾಗದದ ನಕ್ಷೆಯಲ್ಲಿ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ನಡೆಸುವವರು ಬಿದ್ದರೆ ಇಂಜಿನ್ ತಾನೇ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗವನ್ನು ಲೈಫ್ ಜಾಕೆಟ್‌ಗೆ ಸಿಕ್ಕಿಸಿಯೇ ಇರಿ. ನೀರು ಎಷ್ಟು ತಣ್ಣಗಿರುತ್ತದೆ ಅಂದರೆ ಈಜು ಬರುತ್ತದೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಕೆನಡಾದಲ್ಲಿ ಇಂಜಿನ್ ದೋಣಿ ನಡೆಸುವವರಿಗೆ ಆಪರೇಟರ್ ಕಾರ್ಡ್ ಬೇಕು. ಬಾಡಿಗೆ ದೋಣಿಗಾದರೆ ಹೊರಡುವ ಮುಂಚೆ ಲಾಡ್ಜ್‌ನವರ ಜೊತೆ ಸುರಕ್ಷತೆಯ ಚೆಕ್‌ಲಿಸ್ಟ್ ತುಂಬಿ ಸಹಿ ಹಾಕಿದರೆ ಆ ಬಾಡಿಗೆಯ ಅವಧಿಗೆ ನಡೆಯುತ್ತದೆ. ಮ್ಯಾನಿಟೋಬಾದ ಮೀನಿನ ಲೈಸೆನ್ಸ್ ಒಂಟಾರಿಯೋ ನೀರಿನಲ್ಲಿ ಉಪಯೋಗ ಇಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೆ 65 ದಾಟಿದೆ, ಲೈಸೆನ್ಸ್ ಬೇಡ ಅಂದುಕೊಳ್ಳಬೇಡಿ. ಆ ವಿನಾಯಿತಿ ಕೆನಡಾ ನಿವಾಸಿಗಳಿಗೆ, ಪ್ರವಾಸಿಗಳಿಗೆ ಬೇರೆಯದೇ ಲೈಸೆನ್ಸ್, ದರವೂ ಜಾಸ್ತಿ. ಒಂಟಾರಿಯೋದ ಮೀನುಗಾರಿಕೆಯ ವಲಯಗಳಲ್ಲಿ ಈ ಭಾಗ ಐದನೆಯದು. ಎಷ್ಟು ಮೀನು ಇಟ್ಟುಕೊಳ್ಳಬಹುದು ಅನ್ನುವ ಮಿತಿಯ ಪಟ್ಟಿಯಲ್ಲಿ ವಲಯದ ನಿಯಮ ಓದಿ ಅಷ್ಟಕ್ಕೇ ನಿಲ್ಲಿಸಬೇಡಿ, ಸರೋವರದ ಹೆಸರಿನ ಮುಂದೆ ಏನಿದೆ ಅಂತಲೂ ನೋಡಿ. ಗಾಳಕ್ಕೆ ಚುಚ್ಚುವ ಜೀವಂತ ಸಣ್ಣ ಮೀನು, ಜಿಗಣೆ ಹೊರಗಿನಿಂದ ಒಂಟಾರಿಯೋಗೆ ತರುವ ಹಾಗಿಲ್ಲ. ಅಲ್ಲೇ ಕೊಂಡು ರಸೀದಿ ಇಟ್ಟುಕೊಳ್ಳಿ.

ಮೀನು ಸಿಕ್ಕಿತಾ? ಸಿಕ್ಕಿತು. ಅಮೆರಿಕದವರು ವಾಲೈ ಅನ್ನುವ ಮೀನನ್ನು ಇಲ್ಲಿ ಪಿಕರೆಲ್ ಅಂತಾರೆ. ಕಣ್ಣು ಬೆಕ್ಕಿನ ಹಾಗೆ ಹೊಳೆಯುತ್ತದೆ, ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಬೆಳಗಿನ ಜಾವ ಮತ್ತು ಸಂಜೆ ಗಾಳಕ್ಕೆ ಬರುವುದು ಜಾಸ್ತಿ. ಜೂನ್‌ನಲ್ಲಿ ಹೊತ್ತು ಮುಳುಗುವುದೇ ಒಂಬತ್ತೂವರೆ ಹತ್ತಿರ. ಜೊಂಡಿನ ಅಂಚಲ್ಲಿ, ಹತ್ತು ಹನ್ನೆರಡು ಅಡಿ ಆಳದಲ್ಲಿ, ಜಿಗ್ ಅನ್ನುವ ಸೀಸದ ತಲೆಯ ಗಾಳಕ್ಕೆ ಜಿಗಣೆ ಚುಚ್ಚಿ ತಳಕ್ಕೆ ತಾಗಿಸಿ ಮೆಲ್ಲಗೆ ಎತ್ತಿಳಿಸಿದೆವು. ಸಣ್ಣ ಕೈ ಇಂಜಿನ್ನಿನ ನಿಜವಾದ ಸುಖ ಇಲ್ಲಿ ಗೊತ್ತಾಗುತ್ತದೆ. ರಿವರ್ಸ್ ಹಾಕಿ, ಹಿಂಬದಿಯನ್ನು ಗಾಳಿಗೆ ಕೊಟ್ಟು, ನಡೆಯುವುದಕ್ಕಿಂತ ನಿಧಾನಕ್ಕೆ ದೋಣಿಯನ್ನು ಅಂಚಿನ ಗುಂಟ ಹಿಂದಕ್ಕೆ ಜಾರಿಸಬಹುದು. ಭಾವ ಅರ್ಧ ಗಂಟೆಯಲ್ಲಿ ಕಲಿತರು. ಮೊದಲ ಪಿಕರೆಲ್ ಎಳೆದಾಗ ಬೆನ್ನಿನ ಮುಳ್ಳು ಚುಚ್ಚಿ ರಕ್ತ ಬಂತು, ಆದರೂ ನಕ್ಕರು.

ಅಡುಗೆಮನೆ ಇರುವ ಕ್ಯಾಬಿನ್ ತಗೊಳ್ಳಿ, ಮಸಾಲೆ ಮನೆಯಿಂದ ಒಯ್ಯಿರಿ. ಇಲ್ಲಿನವರು ದ್ವೀಪದ ಬಂಡೆ ಮೇಲೆ ಹಿಟ್ಟು ಹಚ್ಚಿ ಕರಿಯುತ್ತಾರೆ, ಅದೂ ರುಚಿಯೇ. ನಾವು ಬ್ಯಾಡಗಿ ಮೆಣಸಿನ ಪುಡಿ, ಹುಣಸೆ ರಸ, ಅರಿಶಿನ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದೆವು. ಭಾವ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಏನೂ ಹೇಳಲಿಲ್ಲ. "ಕಾಣೆ ಮೀನಿನಷ್ಟಿಲ್ಲ," ಅಂದರು ಕೊನೆಗೆ. ಇನ್ನೆರಡು ತುಂಡು ಹಾಕಿಕೊಂಡರು.

ಹೊರಡುವ ದಿನ ಲಾಡ್ಜ್‌ನಲ್ಲಿ ಮುಂದಿನ ಜೂನ್‌ಗೆ ಹೆಸರು ಬರೆಸಿದೆ. ಒಂದಲ್ಲ, ಎರಡು ದೋಣಿ. ಎರಡಕ್ಕೂ 20 ಹಾರ್ಸ್‌ಪವರ್.