ಜಿಪಿಎಸ್ ಇದ್ದ ಮೇಲೆ ಮೋಡದಲ್ಲಿ ಇಳಿಯೋದು ಸುಲಭ ಅಲ್ವಾ?

ನಾನು ಸಣ್ಣ ವಿಮಾನ ಹಾರಿಸುತ್ತೇನೆ ಎಂದು ಗೊತ್ತಾದವರು ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಮೋಡ ಕವಿದು ಏನೂ ಕಾಣದಿದ್ದಾಗ ಹೇಗೆ ಇಳಿಸ್ತೀರಿ? ಜಿಪಿಎಸ್ ಇರುತ್ತಲ್ವಾ, ಅದೇ ಕರ್ಕೊಂಡು ಹೋಗುತ್ತೆ ಬಿಡಿ." ಊರಲ್ಲಿರುವ ನೆಂಟರೂ ಕೇಳುತ್ತಾರೆ, ಇಲ್ಲಿ ಕ್ಯಾಲಿಫೋರ್ನಿಯಾದ ಕನ್ನಡ ಗೆಳೆಯರೂ ಕೇಳುತ್ತಾರೆ. ಊಟದ ಮಧ್ಯೆ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜಿಪಿಎಸ್ ನ್ಯಾವಿಗೇಟರ್ ರನ್‌ವೇ ತುದಿಯವರೆಗೂ ದಾರಿ ತೋರಿಸುತ್ತದೆ, ಅದೂ ಬಹಳ ಚೆನ್ನಾಗಿ. ಆದರೆ ಆ ದಾರಿಯನ್ನು ಈ ಕ್ಷಣ ಎಷ್ಟು ನಂಬಬಹುದು, ಇನ್ನೊಂದು ನಿಮಿಷಕ್ಕೆ ಆ ಪೆಟ್ಟಿಗೆ ಏನು ಮಾಡಲಿದೆ ಅನ್ನುವುದು ಪೈಲಟ್‌ಗೆ ಸದಾ ಗೊತ್ತಿರಬೇಕು. ಕಷ್ಟವೆಲ್ಲ ಅಲ್ಲೇ ಇದೆ.

ಮೊದಲು ನಂಬಿಕೆಯ ಮಾತು. ನಿಮ್ಮ ಫೋನಿನ ಜಿಪಿಎಸ್ ಕೂಡ ಬಯಲಲ್ಲಿ ಕೆಲವೇ ಮೀಟರ್ ಆಚೀಚೆ ಸರಿಯಾದ ಜಾಗ ತೋರಿಸುತ್ತದೆ. ಹಾಗಿದ್ದರೆ ವಿಮಾನದ ಡ್ಯಾಶ್‌ಬೋರ್ಡಿನಲ್ಲಿ ಲಕ್ಷಗಟ್ಟಲೆ ರೂಪಾಯಿಯ ಪೆಟ್ಟಿಗೆ ಯಾಕೆ? ಫೋನ್ ತಪ್ಪು ಜಾಗ ತೋರಿಸಿದರೆ "ನಾನೀಗ ತಪ್ಪು" ಎಂದು ಹೇಳುವುದಿಲ್ಲ. ನೀವು ಕಿಟಕಿಯಾಚೆ ನೋಡಿ, "ಇದೇನಿದು, ಇನ್ನೊಂದು ರಸ್ತೆ ತೋರಿಸ್ತಿದೆಯಲ್ಲ" ಅಂದುಕೊಂಡು ಗಾಡಿ ಪಕ್ಕಕ್ಕೆ ಹಾಕುತ್ತೀರಿ. ಮೋಡದೊಳಗೆ ಕಿಟಕಿಯಾಚೆ ಬರೀ ಬಿಳಿ. ಪಕ್ಕಕ್ಕೆ ಹಾಕುವ ಹಾಗೂ ಇಲ್ಲ. ಅಲ್ಲಿ ಬೇಕಾಗಿರುವುದು ತನ್ನ ತಪ್ಪನ್ನು ತಾನೇ ಹಿಡಿದು ತಕ್ಷಣ ಹೇಳುವ ಯಂತ್ರ.

ಜಾಗ ಲೆಕ್ಕ ಹಾಕಲು ನಾಲ್ಕು ಉಪಗ್ರಹ ಸಾಕು. ಅವುಗಳಲ್ಲಿ ಯಾವುದೋ ಒಂದು ತಪ್ಪು ಹೇಳುತ್ತಿದೆ ಎಂದು ಕಂಡುಹಿಡಿಯಲು ಐದನೆಯದು ಬೇಕು. ಅಮೆರಿಕದಲ್ಲಿ ಇದರ ಮೇಲೆ ವಾಸ್ ಎಂಬ ಇನ್ನೊಂದು ವ್ಯವಸ್ಥೆ ಇದೆ. 2003ರ ಜುಲೈನಲ್ಲಿ ಶುರುವಾಯಿತು. ಅಮೆರಿಕ, ಕೆನಡಾ, ಮೆಕ್ಸಿಕೋಗಳಲ್ಲಿ 38 ಕೇಂದ್ರಗಳು ನೆಲದಲ್ಲಿ ಕೂತು ಜಿಪಿಎಸ್ ಸಂಕೇತ ಕೇಳುತ್ತಿರುತ್ತವೆ. ತಾವು ಎಲ್ಲಿದ್ದೇವೆ ಎಂದು ಅವಕ್ಕೆ ಪಕ್ಕಾ ಗೊತ್ತು. ಹಾಗಾಗಿ ಜಿಪಿಎಸ್ ಎಷ್ಟು ತಪ್ಪುತ್ತಿದೆ ಎಂದೂ ಗೊತ್ತಾಗುತ್ತದೆ. ಆ ತಿದ್ದುಪಡಿ ಭೂಸ್ಥಿರ ಉಪಗ್ರಹದ ಮೂಲಕ ನಮ್ಮ ವಿಮಾನಕ್ಕೆ ಬರುತ್ತದೆ. ನಂಬಲಾಗದಂಥ ಸ್ಥಿತಿ ಬಂದರೆ ಸುಮಾರು ಆರು ಸೆಕೆಂಡಿನೊಳಗೆ ಎಚ್ಚರಿಕೆ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ವಾಸ್ ಕೊಟ್ಟ ದೊಡ್ಡ ಉಡುಗೊರೆ ಆ ಆರು ಸೆಕೆಂಡಿನ ಮಾತು. ನಿಖರತೆ ಆಮೇಲಿನದು.

ಇದರಿಂದ ಸಣ್ಣ ಊರುಗಳಿಗೆ ಆದ ಲಾಭ ದೊಡ್ಡದು. ಮೊದಲು ಮೋಡ ನೆಲದಿಂದ 200 ಅಡಿಗೆ ಇಳಿದಿದ್ದಾಗ ಬಂದಿಳಿಯಬೇಕಾದರೆ ಐಎಲ್ಎಸ್, ಅಂದರೆ ನೆಲದ ಆಂಟೆನಾಗಳಿಂದ ರೇಡಿಯೋ ಸಂಕೇತ ಕಳಿಸಿ ರನ್‌ವೇಗೆ ದಾರಿ ತೋರಿಸುವ ವ್ಯವಸ್ಥೆ ಬೇಕಿತ್ತು. ಅಂದರೆ ಒಂದೊಂದು ರನ್‌ವೇಗೂ ಬೇರೆ ಆಂಟೆನಾ, ಬೇರೆ ಖರ್ಚು, ಬೇರೆ ನಿರ್ವಹಣೆ. ಈಗ ಎಲ್‌ಪಿವಿ ಎಂಬ ಜಿಪಿಎಸ್ ಅಪ್ರೋಚ್ (ರನ್‌ವೇಗೆ ಇಳಿದು ಬರುವ ನಿಗದಿತ ದಾರಿ) ಒಳ್ಳೆಯ ರನ್‌ವೇ ಇದ್ದಲ್ಲಿ ಅದೇ 200 ಅಡಿವರೆಗೆ ತರುತ್ತದೆ. ಅದಕ್ಕಾಗಿ ವಿಮಾನ ನಿಲ್ದಾಣದಲ್ಲಿ ಒಂದು ಆಂಟೆನಾವನ್ನೂ ನೆಡಬೇಕಿಲ್ಲ. ಅಮೆರಿಕದಲ್ಲಿ ಇಂಥವು 4,000ಕ್ಕೂ ಜಾಸ್ತಿ ಇವೆ. ಐಎಲ್ಎಸ್‌ಗಳ ಸಂಖ್ಯೆಗಿಂತ ಇದು ಎಷ್ಟೋ ಹೆಚ್ಚು.

ಈಗ ಕಾಕ್‌ಪಿಟ್‌ಗೆ ಬನ್ನಿ. ಬೇಸಿಗೆಯ ಬೆಳಗ್ಗೆ ಮಾಂಟೆರೆ ಕೊಲ್ಲಿಯ ದಡದಲ್ಲಿ ಸಮುದ್ರದಿಂದ ಬಂದ ಮೋಡ ಚಾಪೆ ಹಾಸಿದ ಹಾಗೆ ಬಿದ್ದಿರುತ್ತದೆ. ಮೇಲೆ ಹೊಳೆಯುವ ಬಿಸಿಲು, ಕೆಳಗೆ ಏನೂ ಇಲ್ಲ. ಸೆಸ್ನಾ 172, ಪೈಲಟ್ ಒಬ್ಬರೇ, ಮುಂದೆ ಗಾರ್ಮಿನ್ ನ್ಯಾವಿಗೇಟರ್. ಕೆಳಗಿನ ಊರಿನ ಅಪ್ರೋಚ್ ಲೋಡ್ ಆಗಿದೆ. ಒಂದರ ಹಿಂದೆ ಒಂದು ಬಿಂದುಗಳು, ಐದೈದು ಅಕ್ಷರದ ಹೆಸರುಗಳು. ಕೊನೆಯ ಇಳಿಜಾರು ಶುರುವಾಗುವ ಬಿಂದುವಿಗೆ ಫೈನಲ್ ಅಪ್ರೋಚ್ ಫಿಕ್ಸ್ ಎನ್ನುತ್ತಾರೆ.

ಪರದೆಯ ಒಂದು ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ 'ಟರ್ಮ್' ಎಂದಿರುತ್ತದೆ. ಆಗ ದಾರಿಯಿಂದ ಎಷ್ಟು ಸರಿದಿದ್ದೀರಿ ಎಂದು ತೋರಿಸುವ ಸೂಜಿ ಒಂದು ತುದಿಗೆ ಹೋಯಿತೆಂದರೆ ಒಂದು ನಾಟಿಕಲ್ ಮೈಲಿ ಸರಿದಿದ್ದೀರಿ ಎಂದರ್ಥ. ಫೈನಲ್ ಅಪ್ರೋಚ್ ಫಿಕ್ಸ್‌ಗೆ ಎರಡು ಮೈಲಿ ಇರುವಾಗ ಆ ಅಕ್ಷರ ಬದಲಾಗಬೇಕು. 'ಎಲ್‌ಪಿವಿ' ಎಂದು ಬಂದರೆ ಸೂಜಿ ಬಿಗಿಯಾಗುತ್ತಾ ಹೋಗುತ್ತದೆ. ರನ್‌ವೇ ಅಂಚಿಗೆ ಬರುವಷ್ಟರಲ್ಲಿ ಪೂರ್ತಿ ಸೂಜಿ ಅಂದರೆ 350 ಅಡಿ ಮಾತ್ರ. ಬದಲಿಗೆ 'ಎಲ್‌ನ್ಯಾವ್' ಎಂದು ಬಂದರೆ, ಮೇಲಿನಿಂದ ಕೆಳಕ್ಕೆ ಇಳಿಯುವ ದಾರಿಯ ಭರವಸೆ ಇಲ್ಲ, ಎಡಬಲದ್ದು ಮಾತ್ರ ಇದೆ ಎಂದು ಪೆಟ್ಟಿಗೆ ಹೇಳುತ್ತಿದೆ. ಆಗ ಚಾರ್ಟಿನಲ್ಲಿ, ಅಂದರೆ ಆ ಅಪ್ರೋಚಿನ ನಕ್ಷೆಯಲ್ಲಿ, ಕನಿಷ್ಠ ಎತ್ತರದ ಬೇರೆ ಸಾಲು ಓದಬೇಕು. ಎಲ್‌ಪಿವಿಯಲ್ಲಿ ನೆಲದಿಂದ 250 ಅಡಿವರೆಗೆ ಬರಬಹುದಾಗಿದ್ದ ಕಡೆ ಎಲ್‌ನ್ಯಾವ್‌ನಲ್ಲಿ 500 ಅಡಿಗೇ ನಿಲ್ಲಬೇಕಾಗಬಹುದು. ಸೂಜಿಗಳು ನೋಡಲು ಹಾಗೇ ಇರುತ್ತವೆ. ವಿಮಾನವೂ ಹಾಗೇ ಹಾರುತ್ತಿರುತ್ತದೆ. ಬದಲಾಗಿದ್ದು ಆ ಮೂಲೆಯ ನಾಲ್ಕು ಅಕ್ಷರ ಮಾತ್ರ. ಅದನ್ನು ಗಟ್ಟಿಯಾಗಿ ಬಾಯಿಬಿಟ್ಟು ಓದಬೇಕು. ಒಬ್ಬರೇ ಇದ್ದರೂ ಸರಿ, ಓದಲೇಬೇಕು.

ಇನ್ನೊಂದು ಇದೆ, 'ಎಲ್‌ನ್ಯಾವ್ ಪ್ಲಸ್ ವಿ'. ಇದು ನಿಜಕ್ಕೂ ಎಚ್ಚರ ಬೇಡುವಂಥದ್ದು. ಇಳಿಜಾರಿನ ಸೂಜಿ ಚಂದವಾಗಿ ಬರುತ್ತದೆ, ಹಿಡಿದುಕೊಂಡು ಇಳಿಯಬಹುದು. ಆದರೆ ಅದು ಬರೀ ಸಲಹೆ. ಕನಿಷ್ಠ ಎತ್ತರಕ್ಕಿಂತ ಕೆಳಗೆ ಆ ಸೂಜಿ ಯಾವುದಾದರೂ ಮರವನ್ನೋ ಟವರನ್ನೋ ತಪ್ಪಿಸುತ್ತದೆ ಎಂಬ ಭರವಸೆ ಯಾರೂ ಕೊಟ್ಟಿಲ್ಲ.

ಎತ್ತರದ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಎಲ್‌ಪಿವಿಯ ಇಳಿಜಾರನ್ನು ಉಪಗ್ರಹದ ಲೆಕ್ಕದಿಂದ ಕಟ್ಟುತ್ತಾರೆ. ಆದರೆ ಎಲ್ಲಿಯವರೆಗೆ ಇಳಿಯಬೇಕು ಎನ್ನುವುದನ್ನು ನಾವು ಓದುವುದು ಗಾಳಿಯ ಒತ್ತಡದಿಂದ ನಡೆಯುವ ಹಳೆಯ ಅಲ್ಟಿಮೀಟರ್‌ನಲ್ಲಿ. ಅದಕ್ಕೆ ಆ ಊರಿನ ಆ ಹೊತ್ತಿನ ಒತ್ತಡ ಹಾಕಬೇಕು. ಪಾದರಸದ ಲೆಕ್ಕದಲ್ಲಿ 0.1 ಇಂಚು ತಪ್ಪಿದರೆ ಎತ್ತರ 100 ಅಡಿ ತಪ್ಪುತ್ತದೆ. 200 ಅಡಿಗೆ ನಿಲ್ಲಬೇಕಾದವರಿಗೆ 100 ಅಡಿ ಅಂದರೆ ಅರ್ಧಕ್ಕರ್ಧ. ಇದಕ್ಕೆ ಸುಲಭದ ಪರೀಕ್ಷೆ ಇದೆ. ಇಳಿಜಾರು ಫೈನಲ್ ಅಪ್ರೋಚ್ ಫಿಕ್ಸ್ ದಾಟುವ ಎತ್ತರವನ್ನು ಚಾರ್ಟಿನಲ್ಲಿ ಬರೆದಿರುತ್ತಾರೆ. ಇಳಿಜಾರಿನ ಸೂಜಿ ನಡುವೆ ಇದ್ದಾಗ, ಆ ಬಿಂದುವಿನ ಮೇಲೆ, ಅಲ್ಟಿಮೀಟರ್ ಅಷ್ಟೇ ತೋರಿಸುತ್ತಿದೆಯಾ? ಉಪಗ್ರಹವೂ ಗಾಳಿಯೂ ಒಂದೇ ಮಾತು ಹೇಳಿದರೆ ಮುಂದೆ ಹೋಗಬಹುದು. ಇದಕ್ಕೆ ಎರಡು ಸೆಕೆಂಡು ಸಾಕು. ಇದನ್ನು ಬಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಮುಂದಿನ ಕ್ಷಣ ಪೆಟ್ಟಿಗೆ ಏನು ಮಾಡಲಿದೆ ಎಂದೆನಲ್ಲ, ಅದರಲ್ಲಿ ಎರಡು ಜಾಗ ಜನರನ್ನು ಜಾಸ್ತಿ ಕಾಡುತ್ತವೆ.

ಒಂದು, ನೆಲದಿಂದ ವಿಮಾನಗಳನ್ನು ನಿಯಂತ್ರಿಸುವ ಕಂಟ್ರೋಲರ್ ದಿಕ್ಕು ಹೇಳಿ ನಮ್ಮನ್ನು ಕೊನೆಯ ಗೆರೆಗೆ ತರುವಾಗ. 'ವೆಕ್ಟರ್ಸ್ ಟು ಫೈನಲ್' ಎಂಬ ಆಯ್ಕೆ ಒತ್ತಿದರೆ ಪರದೆಯ ಮೇಲೆ ಕೊನೆಯ ಬಿಂದುವಿನ ಮೂಲಕ ಉದ್ದಕ್ಕೆ ಒಂದು ಗೆರೆ ಬರುತ್ತದೆ. ಆದರೆ ಹಳೆಯ ಜಿಎನ್ಎಸ್ 430ರಂಥ ಪೆಟ್ಟಿಗೆಗಳಲ್ಲಿ ಅದಕ್ಕಿಂತ ಹಿಂದಿನ ಬಿಂದುಗಳು ಪಟ್ಟಿಯಿಂದಲೇ ಹೋಗಿಬಿಡುತ್ತವೆ. ಅಷ್ಟರಲ್ಲಿ ಕಂಟ್ರೋಲರ್ ಮನಸ್ಸು ಬದಲಿಸಿ, "ನೇರ ಇಂಥ ಬಿಂದುವಿಗೆ ಹೋಗಿ" ಅಂದರೆ ಆ ಬಿಂದುವೇ ಇಲ್ಲ. ಅಪ್ರೋಚನ್ನು ಮೊದಲಿಂದ ಲೋಡ್ ಮಾಡಬೇಕು. ಮೋಡದೊಳಗೆ ವಿಮಾನ ಕುಲುಕುತ್ತಿದೆ, ಒಂದು ಕೈ ಯೋಕ್ (ವಿಮಾನದ ಸ್ಟೀರಿಂಗ್) ಮೇಲೆ, ಇನ್ನೊಂದು ಕೈ ಪುಟ್ಟ ಗುಂಡಿ ತಿರುಗಿಸುತ್ತಿದೆ. ಪೈಲಟ್ ತಲೆ ಬಗ್ಗಿಸಿ ಪರದೆ ನೋಡುವ ಹತ್ತು ಸೆಕೆಂಡಿನಲ್ಲಿ ರೆಕ್ಕೆ ಒಂದು ಕಡೆ ವಾಲಿರುತ್ತದೆ. ಕಾಲು, ಕೈ, ಕಿವಿ ಯಾವುದೂ ಅದನ್ನು ಹೇಳುವುದಿಲ್ಲ. ಹೊಸ ಸಾಫ್ಟ್‌ವೇರ್ ಇರುವ ಜಿಟಿಎನ್ ಸರಣಿಯಲ್ಲಿ ಹಿಂದಿನ ಬಿಂದುಗಳು ಉಳಿಯುತ್ತವೆ, ಅದು ನಿಜಕ್ಕೂ ಒಳ್ಳೆಯ ಸುಧಾರಣೆ. ಆದರೂ ಪೂರ್ತಿ ಬಿಂದುಗಳೊಂದಿಗೆ ಲೋಡ್ ಮಾಡಿಟ್ಟು, ಕೊನೆಯ ಗೆರೆಯನ್ನು ತಡವಾಗಿ ಆರಿಸುವುದೇ ಕ್ಷೇಮ ಎಂದು ನನ್ನ ಅಭಿಪ್ರಾಯ.

ಎರಡನೆಯದು, ರನ್‌ವೇ ಕಾಣದೆ ಮೇಲೆ ಹೋಗಬೇಕಾದಾಗ. ಇದಕ್ಕೆ ಮಿಸ್ಡ್ ಅಪ್ರೋಚ್ ಎನ್ನುತ್ತಾರೆ. ಇಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಎತ್ತರ ಬಂತು, ಇನ್ನೂ ಬಿಳಿಯೇ. ಪವರ್ ಪೂರ್ತಿ, ಮೂತಿ ಮೇಲಕ್ಕೆ, ಏರು ಶುರುವಾಯಿತಾ ನೋಡು, ರೆಕ್ಕೆಯ ಹಿಂದೆ ಇಳಿಬಿಟ್ಟ ಫ್ಲ್ಯಾಪ್ ಹಂತಹಂತವಾಗಿ ಒಳಕ್ಕೆ. ಈ ಹೊತ್ತಿನಲ್ಲಿ ನ್ಯಾವಿಗೇಟರ್ ಬೇಕೆಂದೇ ಸುಮ್ನಾಗಿರುತ್ತದೆ. ನೀವು ರನ್‌ವೇ ಕಂಡು ಇಳಿಯುತ್ತಿದ್ದೀರೋ ಮೇಲೆ ಹೋಗುತ್ತಿದ್ದೀರೋ ಅದಕ್ಕೆ ಗೊತ್ತಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ಓಬಿಎಸ್ ಗುಂಡಿ ಒತ್ತಿದ ಮೇಲೆಯೇ ಅದು ಮುಂದಿನ ಬಿಂದುವಿಗೆ ದಾರಿ ತೋರಿಸುತ್ತದೆ. ಅಲ್ಲಿವರೆಗೆ ಕೊನೆಯ ಗೆರೆಯನ್ನೇ ನೇರ ಮುಂದಕ್ಕೆ ಎಳೆಯುತ್ತಿರುತ್ತದೆ. ಮುಂದೆ ಬೆಟ್ಟ ಇದ್ದರೂ ಅಷ್ಟೇ. ಗುಂಡಿ ಒತ್ತಿದ ಮೇಲೂ ಚಾರ್ಟ್ ಬೇಕು. "ಇಷ್ಟು ಎತ್ತರದವರೆಗೆ ನೇರ ಏರಿ, ಆಮೇಲೆ ತಿರುಗಿ" ಎಂದು ಬರೆದಿದ್ದರೆ ಎಲ್ಲ ಪೆಟ್ಟಿಗೆಗಳೂ ಅದನ್ನು ತಾವಾಗಿ ಪಾಲಿಸುವುದಿಲ್ಲ. ಕೆಲವು ಸೀದಾ ಬಿಂದುವಿನ ಕಡೆಗೇ ಕೈ ತೋರಿಸುತ್ತವೆ.

ಆಟೋಪೈಲಟ್ ಇದೆಯಲ್ಲ ಎಂದು ಕೇಳುವವರೂ ಇದ್ದಾರೆ. ಇದ್ದರೆ ದೊಡ್ಡ ಸಹಾಯ. ಆದರೆ ಅದು ಹಿಡಿಯುವುದೂ ಈ ಸೂಜಿಗಳನ್ನೇ, ಮತ್ತು ಸೆಸ್ನಾದಂಥ ವಿಮಾನದಲ್ಲಿ ನೆಲ ಮುಟ್ಟಿಸುವುದು ಪೈಲಟ್ ಕೆಲಸ. 2020ರಲ್ಲಿ ಪೈಪರ್ ಎಂ600 ವಿಮಾನಕ್ಕೆ ಗಾರ್ಮಿನ್‌ನ ಆಟೋಲ್ಯಾಂಡ್ ಬಂತು, ಅದು ತಾನೇ ವಿಮಾನ ಇಳಿಸುತ್ತದೆ, ಆದರೆ ಇರುವುದು ಪೈಲಟ್‌ಗೆ ಕೈಲಾಗದ ತುರ್ತಿಗೆ.

ಜಿಪಿಎಸ್ಸೇ ಹೋದರೆ? ಅದೂ ಆಗುತ್ತದೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಚೈನಾ ಲೇಕ್ ಎಂಬ ನೌಕಾಪಡೆಯ ಪರೀಕ್ಷಾ ಪ್ರದೇಶವಿದೆ. ಅಲ್ಲಿ ಜಿಪಿಎಸ್ ಪರೀಕ್ಷೆ ನಡೆಯುವ ದಿನಗಳಲ್ಲಿ ಸಂಕೇತ ಸಿಗದೇ ಇರಬಹುದು ಎಂದು ಮೊದಲೇ ಸೂಚನೆ ಬರುತ್ತದೆ. ಅಮೆರಿಕ ನೆಲದಿಂದ ರೇಡಿಯೋ ಸಂಕೇತದಲ್ಲಿ ದಿಕ್ಕು ತೋರಿಸುವ ಹಳೆಯ ವಿಓಆರ್ ಕೇಂದ್ರಗಳಲ್ಲಿ ಒಂದಷ್ಟನ್ನು ಉಳಿಸಿಕೊಂಡಿರುವುದು ಇದಕ್ಕೇ.

"ನಮ್ಮಲ್ಲಿ ಇದೆಲ್ಲ ಇಲ್ವಾ?" ಎಂದು ಊರಿನವರು ಕೇಳಿದಾಗ ನನಗೆ ಖುಷಿಯಾಗುತ್ತದೆ, ಯಾಕೆಂದರೆ ಇದೆ. ವಾಸ್‌ನಂಥದ್ದೇ ಗಗನ್, ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ್ದು. ಅದರ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಗಗನ್ ಸಂಕೇತ ಹೊತ್ತ ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನದ ಇಸ್ರೋ ಕೇಂದ್ರ. ಭಾರತದಲ್ಲಿ ಈ ಕೆಲಸ ಅಮೆರಿಕಕ್ಕಿಂತ ಕಷ್ಟ. ಭೂಮಿಯ ಕಾಂತ ಸಮಭಾಜಕದ ಹತ್ತಿರ ಅಯಾನುಗೋಳ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರ, ಬಹಳ ಏರುಪೇರಾಗುತ್ತದೆ, ಮುಖ್ಯವಾಗಿ ಸಂಜೆ ಸೂರ್ಯ ಮುಳುಗಿದ ಮೇಲೆ. ಸಂಕೇತ ತಡವಾಗುವುದು ಅಲ್ಲೇ. ಅದನ್ನು ನಿಭಾಯಿಸಿಯೂ 2015ರಲ್ಲಿ ಇಳಿಜಾರಿನ ಮಾರ್ಗದರ್ಶನಕ್ಕೆ ಗಗನ್ ಮಾನ್ಯತೆ ಪಡೆಯಿತು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಒಂದು ಎಟಿಆರ್ ವಿಮಾನ ಗಗನ್ ಹಿಡಿದು ಎಲ್‌ಪಿವಿ ಅಪ್ರೋಚ್‌ನಲ್ಲಿ ಇಳಿಯಿತು. ನಮ್ಮ ಸಣ್ಣ ಊರುಗಳ ರನ್‌ವೇಗಳಿಗೂ ಇದು ಬರಬೇಕು ಎನ್ನುವುದು ನನ್ನ ಮನಸಾರೆ ಆಸೆ.

ಕಲಿಯಲು ಹೊರಟಿರುವವರು ಈ ಪೆಟ್ಟಿಗೆಯನ್ನು ಗಾಳಿಯಲ್ಲಿ ಕಲಿಯಬೇಡಿ. ಗಾರ್ಮಿನ್ ಇವಕ್ಕೆ ಕಂಪ್ಯೂಟರಿನಲ್ಲಿ, ಕೆಲವಕ್ಕೆ ಐಪ್ಯಾಡಿನಲ್ಲೂ ಓಡುವ ಸಿಮ್ಯುಲೇಟರ್ ಬಿಟ್ಟಿದೆ. ನಿಮ್ಮ ವಿಮಾನದಲ್ಲಿರುವ ಮಾದರಿಯದ್ದೇ ಹಾಕಿಕೊಳ್ಳಿ. ಯಾವುದಾದರೂ ಒಂದು ಅಪ್ರೋಚ್ ಲೋಡ್ ಮಾಡಿ. ರನ್‌ವೇ ಕಾಣಲಿಲ್ಲ ಅಂದುಕೊಂಡು ಮೇಲೆ ಹೋಗಿ. ಗುಂಡಿ ಒತ್ತದೆ ಬಿಟ್ಟರೆ ಗೆರೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡಿ.