ಲೇಕ್ ಈರಿ ದಡದಲ್ಲಿ ಸಿಕ್ಕಿಕೊಂಡ ತೋಟಾ

ಭಾವನ ಕಾರಿನ ಡಿಕ್ಕಿಯಲ್ಲಿ ಎರಡು ಡಬ್ಬ ಇದ್ದವು. ಒಂದರಲ್ಲಿ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ. ಇನ್ನೊಂದರಲ್ಲಿ ಭಾವ ಚಳಿಗಾಲವಿಡೀ ಗರಾಜಿನಲ್ಲಿ ಕೂತು, ಹಾರಿದ ಖಾಲಿ ಕೇಸುಗಳಿಗೆ ಮತ್ತೆ ಮದ್ದು, ಗುಂಡು ತುಂಬಿ ಮಾಡಿದ 84 ತೋಟಾ. ಎರಡೂ ಮನೆಯಲ್ಲೇ ಮಾಡಿದ್ದು ಅಂತ ಭಾವನಿಗೆ ಹೆಮ್ಮೆ. ಚಿತ್ರಾನ್ನ ಕೈಕೊಡಲಿಲ್ಲ.

ಜುಲೈ ತಿಂಗಳ ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಿಂದ ಉತ್ತರಕ್ಕೆ ಪೋರ್ಟ್ ಕ್ಲಿಂಟನ್ ಎರಡು ಗಂಟೆ ಚಿಲ್ಲರೆ ದಾರಿ. ದಾರಿಯುದ್ದಕ್ಕೂ ಜೋಳ, ಸೋಯಾ, ಮತ್ತೆ ಜೋಳ. ಒಂದು ದಿಣ್ಣೆಯೂ ಇಲ್ಲ. ಮಲೆನಾಡಿನವನಿಗೆ ಇಷ್ಟು ಸಪಾಟು ನೆಲ ಕಂಡರೆ ನಿದ್ದೆ ಬರುತ್ತದೆ. ಊರಿನ ಪಕ್ಕದಲ್ಲೇ ಕ್ಯಾಂಪ್ ಪೆರ್ರಿ. 1907ರಿಂದ ಅಮೆರಿಕದ ರಾಷ್ಟ್ರೀಯ ರೈಫಲ್ ಪಂದ್ಯಗಳು ನಡೆಯುತ್ತಾ ಬಂದಿರುವ ಜಾಗ. ಭಾನುವಾರ ಅದನ್ನು ನೋಡುವುದು, ಶನಿವಾರ ಹತ್ತಿರದ ಒಂದು ಕ್ಲಬ್ಬಿನ ರೇಂಜಿನಲ್ಲಿ ಭಾವನ ಹೊಸ ತೋಟಾ ಪರೀಕ್ಷೆ ಮಾಡುವುದು ಅಂತ ಲೆಕ್ಕ.

ರೈಫಲ್ಲು ಎಂ1 ಗಾರಂಡ್. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಸೆಮಿ ಆಟೋಮ್ಯಾಟಿಕ್, ಅಂದರೆ ಒಂದು ಈಡಾದ ಮೇಲೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವಂಥದ್ದು. ತೂಕ ನಾಲ್ಕು ಕಿಲೋಗೂ ಜಾಸ್ತಿ. ಎಂಟು ತೋಟಾ ಹಿಡಿದ ಕಬ್ಬಿಣದ ಕ್ಲಿಪ್ಪನ್ನು ಮೇಲಿನಿಂದ ಒತ್ತಿ ಇಳಿಸಬೇಕು. ಎಂಟನೆಯದು ಹಾರಿದ ಮೇಲೆ ಖಾಲಿ ಕ್ಲಿಪ್ಪು 'ಟಿಣ್' ಅಂತ ಮೇಲಕ್ಕೆ ನೆಗೆಯುತ್ತದೆ. ಆ ಸದ್ದು ಕೇಳುವುದಕ್ಕೇ ನಾನು ಹೋಗಿದ್ದೆ ಅಂದರೂ ತಪ್ಪಿಲ್ಲ.

ನನ್ನ ಕೋವಿಯ ಪರಿಚಯವೆಲ್ಲ ಅಜ್ಜನ ಕೇಪಿನ ಕೋವಿಯದು. ಬೆಳೆ ಕಾಯಲು ಕೊಟ್ಟ ಲೈಸೆನ್ಸು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರಬೇಕಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಸಲಾಕೆಯಿಂದ ಗಟ್ಟಿಸುವುದು. ಸರಿಯಾಗಿ ಕೂತರೆ ಸಲಾಕೆ ಕೈಯಲ್ಲೇ ಪುಟಿಯುತ್ತದೆ. ಅಜ್ಜ ನೋಡುತ್ತಿರಲಿಲ್ಲ, ಕೈಗೇ ಗೊತ್ತಾಗುತ್ತಿತ್ತು.

ಮೊದಲ ಕ್ಲಿಪ್ಪಿನಲ್ಲಿ ಮೂರನೇ ತೋಟಾಕ್ಕೇ ಕೋವಿ ನಿಂತಿತು. ತೋಟಾದ ಹಿಂದೆ ಬಾಗಿಲಿನಂತೆ ಮುಚ್ಚುವ ಉಕ್ಕಿನ ಬೋಲ್ಟ್ ಮುಂದಕ್ಕೆ ಬಂದಿದೆ, ಪೂರ್ತಿ ಮುಚ್ಚಿಲ್ಲ. ಉಗುರಿನಷ್ಟು ಸಂದು. ಎಳೆದು ತೆಗೆದು ಮತ್ತೆ ಶುರು. ಆರನೆಯದು ಅದೇ ಕಥೆ. ಭಾವ ಗ್ರೀಸ್ ಹಚ್ಚಿದರು. ಎರಡನೇ ಕ್ಲಿಪ್ಪೂ ಹಾಗೇ. ಸ್ಪ್ರಿಂಗ್ ಸೋತಿದೆಯೇನೋ ಅಂದರು. ಮದ್ದು ಕಡಿಮೆ ಆಯಿತೇನೋ ಅಂದರು. ಮೂರನೇ ಕ್ಲಿಪ್ಪಿನಲ್ಲಿ ತಾಳ್ಮೆ ಮುಗಿದು, ಬೋಲ್ಟಿನ ಹಿಡಿಗೆ ಅಂಗೈಯಿಂದ ಗುದ್ದಿ ಮುಚ್ಚಲು ಕೈ ಎತ್ತಿದರು.

ಪಕ್ಕದ ಬೆಂಚಿನಿಂದ ಒಂದು ಕೂಗು ಬಂತು.

ಎಪ್ಪತ್ತು ದಾಟಿದ ಅಜ್ಜ. ಮೊದಲು ನಳಿಗೆ ಗುರಿಯ ಕಡೆಗೇ ಇರಲಿ ಅಂದು, ಹಿಡಿ ಹಿಂದಕ್ಕೆ ಎಳೆಸಿ, ಸಿಕ್ಕಿದ್ದ ತೋಟಾ ಹೊರಗೆ ತೆಗೆಸಿದ. ಅದರ ಬುಡ ನನಗೂ ತೋರಿಸಿದ. ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಸೂಜಿ ತಾಗಿಸಿದಷ್ಟು ಸಣ್ಣ ಗುಳಿ. ಕೇಪನ್ನು ಕುಟ್ಟುವ ಫೈರಿಂಗ್ ಪಿನ್ನಿಗೆ ಗಾರಂಡಿನಲ್ಲಿ ಸ್ಪ್ರಿಂಗ್ ಇಲ್ಲ, ಸಡಿಲವಾಗಿ ಓಡಾಡುತ್ತದೆ. ಬೋಲ್ಟ್ ಮುಂದಕ್ಕೆ ಬಡಿದಾಗ ಅದೂ ಹೋಗಿ ಕೇಪನ್ನು ಮುಟ್ಟುತ್ತದೆ. ಅರ್ಧ ಮುಚ್ಚಿದ ಬೋಲ್ಟಿಗೆ ಗುದ್ದಿದಾಗ ಈಡು ಹಾರಿದರೆ ಮುಖ ಎಲ್ಲಿರುತ್ತದೆ ಹೇಳಿ! ಭಾವ ಮಾತಾಡಲಿಲ್ಲ.

ಆಮೇಲೆ ಅಜ್ಜ ಕೇಳಿದ್ದು ವಿಚಿತ್ರ ಪ್ರಶ್ನೆ. ಖಾಲಿ ಕೇಸು ಎಲ್ಲಿ ಬೀಳುತ್ತಿವೆ? ನೋಡಿದರೆ ಬಲಕ್ಕೆ, ತುಸು ಮುಂದೆ, ಎಲ್ಲಾ ಒಂದೇ ಗುಂಪಾಗಿ. ಹಾಗಾದರೆ ಮದ್ದು ಸಾಕಷ್ಟಿದೆ. ಮದ್ದು ಸೋತರೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ, ಮುಂದಿನ ತೋಟಾವನ್ನು ಎತ್ತುವುದೇ ಇಲ್ಲ. ಇಲ್ಲಿ ಎತ್ತುತ್ತಿದೆ, ಮುಚ್ಚುತ್ತಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ. ನಂತರ ಅಂಗಡಿಯ ತೋಟಾ ಎರಡು ಕ್ಲಿಪ್ಪು ಹಾಕಿಸಿದ. ಹದಿನಾರೂ ಸಲೀಸಾಗಿ ಹೋದವು. ಎರಡು ಸಲ ಟಿಣ್. ಅಲ್ಲಿಗೆ ಗ್ರೀಸು, ಸ್ಪ್ರಿಂಗು ಎಲ್ಲ ಬಚಾವ್.

ಜೇಬಿನಿಂದ ಕಪ್ಪು ಮಾರ್ಕರ್ ತೆಗೆದು, ಭಾವ ತುಂಬಿದ ಒಂದು ತೋಟಾಕ್ಕೆ ಮೈಯೆಲ್ಲ ಬಳಿದ. ಅದು ಸಿಕ್ಕಿಕೊಂಡಿತು. ತೆಗೆದು ಬಿಸಿಲಿಗೆ ಹಿಡಿದ. ಮೈಮೇಲೆ ಮಸಿ ಹಾಗೇ ಇದೆ. ಹಿತ್ತಾಳೆ ಕೇಸು ಕತ್ತಿನ ಕಡೆಗೆ ಕಿರಿದಾಗುವ ಇಳಿಜಾರು ಇದೆಯಲ್ಲ, ಭುಜ, ಅಲ್ಲಿ ಮಾತ್ರ ಉಂಗುರದಂತೆ ಮಸಿ ಅಳಿಸಿ ಹಿತ್ತಾಳೆ ಹೊಳೆಯುತ್ತಿತ್ತು. ಭುಜ ಮುಂದೆ ಬಂದಿದೆ, ನಳಿಗೆಯ ಬುಡದಲ್ಲಿ ತೋಟಾ ಕೂರುವ ಕೋಣೆಗೆ ಇದು ಉದ್ದವಾಗಿದೆ ಅಂದ. ಎಷ್ಟು? ಇಂಚಿನ ಸಾವಿರದಲ್ಲಿ ಮೂರೋ ನಾಲ್ಕೋ ಭಾಗ. ತಲೆಗೂದಲಿನ ದಪ್ಪ.

ಈಡು ಹಾರಿದಾಗ ಹಿತ್ತಾಳೆ ಆ ಕೋವಿಯ ಕೋಣೆಯ ಆಕಾರಕ್ಕೇ ಉಬ್ಬುತ್ತದೆ. ಮತ್ತೆ ತುಂಬುವ ಮೊದಲು ಡೈ ಅನ್ನುವ ಅಚ್ಚಿಗೆ ಒತ್ತಿ ಭುಜವನ್ನು ಹಿಂದಕ್ಕೆ ತಳ್ಳಬೇಕು. ಭಾವನ ಡೈ, ಕೈಯಿಂದಲೇ ಬೋಲ್ಟ್ ಮುಚ್ಚುವ ಅವರ ಹಳೇ ಬೋಲ್ಟ್ ಆಕ್ಷನ್ ರೈಫಲ್ಲಿಗೆ ಹೊಂದಿಸಿದ್ದು, ಹಾಗೇ ಬಿಟ್ಟಿದ್ದರು. ಕೇಸುಗಳೋ, ಯಾವ ಯಾವುದೋ ಕೋವಿಯಲ್ಲಿ ಹಾರಿದ್ದನ್ನು ಕೊಂಡು ತಂದಿದ್ದು. ಬೋಲ್ಟ್ ಆಕ್ಷನ್ನಿನಲ್ಲಿ ಸ್ವಲ್ಪ ಬಿಗಿಯಾದರೆ ಹಿಡಿ ತಿರುಗಿಸುವ ಕೈ ಒತ್ತಿ ಕೂರಿಸುತ್ತದೆ. ಬಿಗಿ ಅಂತ ಕೈಗೆ ತಿಳಿಯುತ್ತದೆ ಕೂಡ. ಗಾರಂಡಿನಲ್ಲಿ ತಳ್ಳುವುದು ಸ್ಪ್ರಿಂಗು. ಅದಕ್ಕೆ ಒತ್ತಿ ಕೂರಿಸುವ ಬಲವಿಲ್ಲ, ಹೇಳುವ ಬಾಯಿಯೂ ಇಲ್ಲ. ನನಗೆ ಊರಿನ ನಮ್ಮಜ್ಜನ ಸಲಾಕೆ ನೆನಪಾಯಿತು.

"ಅಳೆದು ನೋಡಬೇಕಿತ್ತು ಅಲ್ವಾ ಭಾವ?"

"ಹೊಟ್ಟೆ ಉರಿಸಬೇಡ ಮಾರಾಯ."

ರೇಂಜಿನ ಅಜ್ಜನ ಹತ್ತಿರ ಕೇಸಿನ ಉದ್ದ ಅಳೆಯುವ ಕೇಸ್ ಗೇಜ್ ಇತ್ತು. ಹೆಬ್ಬೆರಳು ದಪ್ಪದ ಉಕ್ಕಿನ ಕೊಳವೆ, ಅಂಚಿನಲ್ಲಿ ಎರಡು ಮೆಟ್ಟಿಲು. ತೋಟಾ ಒಳಗೆ ಬಿಟ್ಟರೆ ಬುಡ ಆ ಎರಡರ ನಡುವೆ ನಿಲ್ಲಬೇಕು. ನೆರಳಿಗೆ ಹೋಗಿ ಉಳಿದ 60ನ್ನೂ ಒಂದೊಂದಾಗಿ ಬಿಟ್ಟು ನೋಡಿದೆವು. ಚಿತ್ರಾನ್ನ ತಿಂದ ಕೈಯಲ್ಲಿ ಮುಟ್ಟಬೇಡಿ ಅಂತ ಭಾವನ ಆಜ್ಞೆ. ಉಗುರು ಸವರಿದರೆ ಸಾಕು, ಉದ್ದದ್ದು ತಡೆಯುತ್ತದೆ. 41 ಪಾಸು, 19 ಫೇಲು. ಡೈಯನ್ನು ಜಾಸ್ತಿ ಕೆಳಗಿಳಿಸಿ ಮತ್ತೊಂದು ತಪ್ಪು ಮಾಡಬೇಡಿ ಅಂತಲೂ ಅಜ್ಜ ಹೇಳಿದ. ಭುಜ ಅತಿಯಾಗಿ ಹಿಂದೆ ಹೋದರೆ ಪ್ರತಿ ಈಡಿಗೂ ಹಿತ್ತಾಳೆ ಹಿಗ್ಗಿ, ಕೊನೆಗೆ ಬುಡದ ಹತ್ತಿರ ಹರಿಯುತ್ತದಂತೆ. ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡ. ನಿಂಬೆಹುಳಿ ಚೆನ್ನಾಗಿದೆ ಅಂದ.

ಪಾಸಾದ 41ರಲ್ಲಿ ಐದು ಕ್ಲಿಪ್ಪು ತುಂಬಿದೆವು. ನಲವತ್ತು ಈಡು, ಐದು ಟಿಣ್, ಒಂದೂ ನಿಲ್ಲಲಿಲ್ಲ. ಮಿಕ್ಕಿದ್ದು ಒಂದು.

ಭಾನುವಾರ ಕ್ಯಾಂಪ್ ಪೆರ್ರಿ. ಗುರಿಹಲಗೆಗಳ ಹಿಂದೆ ಗುಡ್ಡವಿಲ್ಲ, ಸೀದಾ ಲೇಕ್ ಈರಿಯ ನೀರು. ಗುಂಡು ಹಾರುವಾಗ ಆ ನೀರಿಗೆ ದೋಣಿ ಬರುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್, ಇಟಾಲಿಯನ್ ಸೈನಿಕರನ್ನು ಸೆರೆ ಇಟ್ಟಿದ್ದೂ ಇಲ್ಲೇ. ಭಾವ ಸಾಲುಸಾಲು ಗಾರಂಡುಗಳನ್ನು ನೋಡುತ್ತಾ, ಯಾರದ್ದಾದರೂ ಸಿಕ್ಕಿಕೊಳ್ಳುತ್ತದೆಯೇ ಅಂತ ಕಾಯುತ್ತಿದ್ದರು ಅನ್ನಿಸುತ್ತದೆ. ಸಂಜೆ ಊರೊಳಗೆ ಕರಿದ ಪರ್ಚ್ ಮೀನು ತಿಂದು ಹೊರಟೆವು.

ಸೋಮವಾರ ರಾತ್ರಿ ಗರಾಜಿನಿಂದ ಟಕ್ ಟಕ್ ಸದ್ದು. ಫೇಲಾದ ತೋಟಾಗಳನ್ನು ಸುತ್ತಿಗೆಯಂಥ ಪುಲ್ಲರಿನೊಳಗೆ ಇಟ್ಟು ಮರದ ದಿಮ್ಮಿಗೆ ಬಡಿದರೆ ಗುಂಡು, ಮದ್ದು ಬೇರೆಯಾಗಿ ಬೀಳುತ್ತವೆ. ಒಂದೊಂದಕ್ಕೂ ನಾಲ್ಕೈದು ಏಟು. ಹನ್ನೊಂದನೆಯದರ ಹೊತ್ತಿಗೆ ಅಕ್ಕ ಬಾಗಿಲಿಗೆ ಬಂದಳು.

"ಏನ್ರೀ ಇದು, ಅಕ್ಕಪಕ್ಕದವರು ಮಲಗೋದು ಬೇಡ್ವಾ?"

"ಇನ್ನು ಎಂಟೇ ಕಣೇ," ಅಂದರು ಭಾವ.